ಪುಟದ ನೆತ್ತಿಯ ಸಾಲು

ಕುಕ್ಕರಿನ ಮೊದಲ ಸೀಟಿಗೂ ಕೊನೆಯ ಸೀಟಿಗೂ ನಡುವೆ ಸುಲಭದ ಒಂದು ಪುಟ ಮುಗಿಯುತ್ತದೆ ಎಂಬುದನ್ನು ಜೂಡಿತ್ ಅನುಭವದಿಂದ ಕಂಡುಕೊಂಡಿದ್ದಳು. ಕಷ್ಟದ ಪುಟವಾದರೆ ಪುಟ್ಟ ಮಗ ಡ್ಯಾರಲ್ ಮಲಗುವ ತನಕ ಕಾಯಬೇಕು. ಡಿಸ್ಕವರಿ ಗಾರ್ಡನ್ಸಿನ ಆ ಸಣ್ಣ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪಿಗೆಂದು ಬೇರೆ ಜಾಗವಿರಲಿಲ್ಲ. ಊಟದ ಮೇಜಿನ ಒಂದು ತುದಿಯಲ್ಲಿ ಮಡಚಬೇಕಾದ ಬಟ್ಟೆ, ಇನ್ನೊಂದು ತುದಿಯಲ್ಲಿ ಹಳೆಯ ಪುಸ್ತಕ.

ಪುಸ್ತಕವೆಂದರೆ ಪುಸ್ತಕದ ಚಿತ್ರ. ಕಾರ್ಕಳದಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಹರಿಣಾಕ್ಷಿ ಟೀಚರ್ ಈಗ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಮಗಳ ಮನೆಯಲ್ಲಿದ್ದರು. ಮುಟ್ಟಿದರೆ ಪುಡಿಯಾಗುವ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ, ಎಲ್ಲರೂ ಬಿಟ್ಟಿಯಾಗಿ ಓದಬಹುದಾದ ಒಂದು ಅಂತರ್ಜಾಲದ ಪುಸ್ತಕ ಭಂಡಾರಕ್ಕೆ ಸೇರಿಸುವುದು ಅವರ ಹುಚ್ಚು. ಯಂತ್ರ ಚಿತ್ರವನ್ನು ಓದಿ ಅಕ್ಷರ ಮಾಡಿಕೊಡುತ್ತಿತ್ತು. ತಪ್ಪಿದ ಅಕ್ಷರಗಳನ್ನು ಟೀಚರ್ ತಿದ್ದುತ್ತಿದ್ದರು. ಆಮೇಲೆ ಆ ಅಕ್ಷರಗಳ ರಾಶಿಗೆ ರೂಪ ಕೊಡುವುದು ಜೂಡಿತಳ ಪಾಲಿನ ಕೆಲಸ. ಪದ್ಯದ ಸಾಲು ಎಲ್ಲಿ ಮುರಿಯಬೇಕು, ಯಾವುದು ತಲೆಬರಹ, ಯಾವುದು ಅಡಿಟಿಪ್ಪಣಿ ಎಂದು ಒಂದೊಂದಕ್ಕೂ ಗುರುತು ಹಾಕಬೇಕು. ಪುಟದ ಅಂಕಿಯನ್ನೂ, ಪ್ರತಿ ಪುಟದ ಮೇಲ್ಗಡೆ ಅಚ್ಚಾದ ಪುಸ್ತಕದ ಹೆಸರನ್ನೂ ಅಳಿಸಬೇಕು. ಕಾಗದದಲ್ಲಿ ಅವು ಚಂದ. ಪರದೆಯ ಮೇಲೆ ಮಾತಿನ ನಡುವೆ ಪುಸ್ತಕದ ಹೆಸರು ಬಂದು ಕುಳಿತರೆ ಓದುವವರು ಎಡವುತ್ತಾರೆ.

"ಮೊದಲು ನೆತ್ತಿ ಬೋಳಿಸುವುದು ಮಾರಾಯ್ತಿ, ಮತ್ತೆ ಮೈ ನೋಡುವುದು" ಎಂದು ಟೀಚರ್ ಮೊದಲ ದಿನವೇ ಹೇಳಿಕೊಟ್ಟಿದ್ದರು. ಜೂಡಿತಳ ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಪುಟ ತೆರೆದೊಡನೆ ಮೇಲಿನ ಸಾಲು ಹೋಗುತ್ತಿತ್ತು. ಆಮೇಲೆಯೇ ಕಣ್ಣು ಕೆಳಗಿಳಿಯುತ್ತಿತ್ತು.

ಈ ಸಲದ ಪುಸ್ತಕ ಮಕ್ಕಳ ಹಾಡುಗಳದ್ದು. ಯಾರೋ ಹಳೆಯ ಕಾಲದ ಶಾಲಾ ಮಾಸ್ತರರು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡವು. ಒಂದು ಪ್ರತಿ ಮಾತ್ರ ಟೀಚರ್ ಕೈಗೆ ಸಿಕ್ಕಿತ್ತು, ಬೇರೆಲ್ಲಿಯೂ ಉಂಟೆಂದು ಗೊತ್ತಿರಲಿಲ್ಲ. ಕೊನೆಯಲ್ಲಿದ್ದ ಉದ್ದನೆಯ ಹಾಡು ಮಗುವನ್ನು ಮೀಯಿಸುವಾಗ ಹೇಳುವಂಥದ್ದು. ಪುಟಕ್ಕೊಂದು ಪುಟ್ಟ ಪದ್ಯ, ಕೆಳಗೆ ಬಳ್ಳಿಯ ಚಿತ್ರ. ಮೊದಲಿನಿಂದ ಕೊನೆಯ ತನಕ ಜೂಡಿತ್ ಒಬ್ಬಳೇ ರೂಪ ಕೊಟ್ಟ ಮೊದಲ ಪುಸ್ತಕ ಅದು. ಟೀಚರ್ ಶನಿವಾರ ಮಧ್ಯಾಹ್ನ ಅದನ್ನು ಭಂಡಾರಕ್ಕೆ ಕಳಿಸಿ, ಸಂಜೆಯ ವಿಮಾನದಲ್ಲಿ ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಹೊರಡುವವರಿದ್ದರು.

ಆ ಶನಿವಾರ ಪ್ರಿಯನ್‌ಗೆ ರಜೆ. ಜೆಬೆಲ್ ಅಲಿಯ ಗೋದಾಮಿನಲ್ಲಿ ವಾರವಿಡೀ ನಿಂತು ಬರುವ ಗಂಡ, ರಜೆಯ ದಿನ ಡ್ಯಾರಲ್‌ನನ್ನು ಮೀಯಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

"ಜೂಡಿ, ನಿನ್ನ ಆ ಸ್ನಾನದ ಹಾಡು ಮೊಬೈಲಿಗೆ ಹಾಕು" ಎಂದ. "ನೋಡುವ, ಇಷ್ಟು ದಿನ ನಮಗೆ ಸಾರಿಲ್ಲದೆ ಅನ್ನ ತಿನ್ನಿಸಿ ಎಂತ ಮಾಡಿದ್ದಿ ಅಂತ."

"ಒಂದು ದಿನ ಸಾರು ಉಕ್ಕಿದ್ದಕ್ಕೆ ವರ್ಷವಿಡೀ ಹೇಳು" ಎಂದು ಅವಳು ಹಾಡನ್ನು ಕಳಿಸಿದಳು.

ಬಾತ್‌ರೂಮಿನ ಬಾಗಿಲಲ್ಲಿ ಮಗಳು ಡೆಬೊರಾ ಟವೆಲು ಹಿಡಿದು ನಿಂತಳು. ಪ್ರಿಯನ್ ಮೊಬೈಲನ್ನು ಶಾಂಪೂ ಬಾಟಲಿಗೆ ಒರಗಿಸಿ, ಇಗರ್ಜಿಯ ಗಾಯನ ತಂಡದ ದೊಡ್ಡ ದನಿಯಲ್ಲಿ ಶುರುಮಾಡಿದ.

"ಅಂಗಾಲು ತೊಳೆದೆ, ಅಂಗಳ ಸುತ್ತಲಿ,
ಅಂಬೆಗಾಲ ಕಂದ ನೀರಿಗೆ ಹೇಳಿತು..."

ಮುಂದಿನದು ಇನ್ನೊಂದು ಪದ್ಯ.

"ಮೊಣಕಾಲು ತೊಳೆದೆ, ಮೆಟ್ಟಿಲು ಹತ್ತಲಿ,
ಮುದ್ದಿನ ಕಂದ ನೀರಿಗೆ ಹೇಳಿತು..."

ಮೂರನೆಯದರ ಹೊತ್ತಿಗೆ ಅವನು ನಿಲ್ಲಿಸಿದ. "ಹೋಯ್ ಜೂಡಿ, ಇವ ಹೇಳಿದ್ದು ಎಂತ?"

"ಯಾರು?"

"ಈ ಕಂದ ಮಾರಾಯ್ತಿ. ಹೇಳಿತು, ಹೇಳಿತು ಅಂತ ಉಂಟು. ಎಂತ ಹೇಳಿತು ಅಂತ ಇಲ್ಲ. ನಮ್ಮ ಸೂಪರ್‌ವೈಸರನ ಹಾಗೆ."

"ಬೇಬೀಸ್ ಕಾಂಟ್ ಟಾಕ್, ಡ್ಯಾಡಾ" ಎಂದಳು ಡೆಬೊರಾ.

ಜೂಡಿತ್ ನಗಲಿಲ್ಲ. ಪದ್ಯಗಳನ್ನು ಅವಳು ಎಷ್ಟೋ ಸಲ ನೋಡಿದ್ದಳು. ಆದರೆ ನೋಡಿದ್ದು ಸಾಲು ನೇರವಿದೆಯೇ, ಜಾಗ ಸಮನಾಗಿದೆಯೇ ಎಂದು ಮಾತ್ರ. ಬಾಯಿಬಿಟ್ಟು ಹೇಳಿ ನೋಡಿರಲಿಲ್ಲ. ಒಲೆ ಆರಿಸಿ ಲ್ಯಾಪ್‌ಟಾಪ್ ತೆರೆದು, ಸ್ಕ್ಯಾನಿನ ಚಿತ್ರವನ್ನು ದೊಡ್ಡದು ಮಾಡಿದಳು. ಮೊದಲ ಹಾಡುಗಳ ಪುಟದ ಮೇಲೆ ಪುಸ್ತಕದ ಹೆಸರಿತ್ತು. ಮೀಯಿಸುವ ಹಾಡು ಶುರುವಾದಲ್ಲಿ ಅದೇ ಜಾಗದಲ್ಲಿ, ಅದೇ ಸಣ್ಣ ಅಚ್ಚಿನಲ್ಲಿ, ಅದೇ ಗೆರೆಯ ಮೇಲೆ ಬೇರೆಯೇ ಇತ್ತು:

"ನೀರೇ ನೀರೇ ಬೆಚ್ಚಗಿರು, ನನ್ನಯ ಮೈಗೆ ಮೆತ್ತಗಿರು."

ಪಲ್ಲವಿ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡವರು ಒದ್ದೆ ಕೈಯಲ್ಲಿ ಹಿಂದಿನ ಪುಟ ತಿರುಗಿಸಬೇಕಾಗದಿರಲೆಂದು ಮಾಸ್ತರರು ಅದನ್ನು ಪ್ರತಿ ಪುಟದ ನೆತ್ತಿಗೂ ಇಟ್ಟಿದ್ದರು. ಅವಳು ಒಂದನ್ನೂ ಬಿಡದೆ, ಬಹಳ ಅಚ್ಚುಕಟ್ಟಾಗಿ ಬೋಳಿಸಿ ಕಳಿಸಿದ್ದಳು.

ಕೂಡಲೇ ಟೀಚರಿಗೆ ಫೋನ್ ಮಾಡಿದಳು.

"ಟೀಚರ್, ಕಳಿಸಿ ಆಯ್ತಾ?"

"ಇಲ್ಲ, ಊಟ ಮಾಡಿ ಕಳಿಸುವುದು. ಪೆಟ್ಟಿಗೆಗೆ ಎಲ್ಲ ತುಂಬಿಸಿ ಆಯ್ತು, ಈಗ ಮಗಳು ಬಂದು ಎಲ್ಲ ತೆಗೀತಿದ್ದಾಳೆ. ಯಾಕೆ?"

ಜೂಡಿತ್ ಹೇಳಿದಳು. ಟೀಚರ್ ನಿಟ್ಟುಸಿರು ಬಿಟ್ಟರು.

"ನೀನು ಕಳಿಸಿದ ಮೇಲೆ ನಾನೂ ನೋಡಿದ್ದೇನಲ್ಲ. ನೆತ್ತಿ ಬೋಳಾಗಿದ್ದು ಕಂಡು ಖುಷಿಪಟ್ಟಿದ್ದೆ. ಎಂಥ ಇಬ್ಬರು ಸಿಕ್ಕಿದೆವು ಆ ಮಾಸ್ತರರಿಗೆ."

"ಇವತ್ತು ಕಳಿಸದಿದ್ದರೆ ಆಗ್ತದಾ?"

"ಆಪರೇಷನ್ ಆದ ಮೇಲೆ ಪರದೆ ನೋಡಬಾರದು ಅಂದಿದ್ದಾರೆ ಡಾಕ್ಟ್ರು. ಮತ್ತೆ ಯಾವಾಗಲೋ. ಒಂದು ಕೆಲಸ ಮಾಡು ಮಗಾ, ಒಂದು ಸಾಲು ಕಾಪಿ ಮಾಡು, ಎಲ್ಲ ಪುಟಕ್ಕೂ ಅಂಟಿಸು. ಎರಡು ನಿಮಿಷದ ಕೆಲಸ. ಯಲ್ಲಾ, ಬೇಗ ಆಗಲಿ, ನಾನು ಊಟಕ್ಕೆ ಕೂತ್ಕೊಳ್ತೇನೆ."

ಮಗುವನ್ನು ಒರಸಿಕೊಂಡು ಹೊರಗೆ ಬಂದ ಪ್ರಿಯನ್ ಅವಳ ಮುಖ ನೋಡಿ, ಏನೆಂದು ಕೇಳಿ ತಿಳಿದುಕೊಂಡ. "ಅದಕ್ಕೆ ಇಷ್ಟು ಬೇಜಾರಾ? ಓದುವವರು ಸ್ಕ್ಯಾನ್ ತೆರೆದು ಹೋಲಿಸ್ತಾರಾ?"

"ಹೋಲಿಸುವುದಿಲ್ಲ. ಅದಕ್ಕೇ. ನಾವು ಇಟ್ಟದ್ದೇ ಹಾಡು ಅಂತ ತಿಳ್ಕೊಳ್ತಾರೆ."

ಪ್ರಿಯನ್ ಡ್ಯಾರಲ್‌ನನ್ನು ಹೆಗಲಿಗೇರಿಸಿ, ಡೆಬೊರಾಳನ್ನು ಕರೆದುಕೊಂಡು ಅಡುಗೆಮನೆಗೆ ಹೋದ. ಪಾತ್ರೆಗಳ ಸದ್ದು ಕೇಳಿತು. ಏನೋ ಬಿದ್ದದ್ದೂ ಕೇಳಿತು. ಅವಳು ಏಳಲಿಲ್ಲ.

ಸಾಲನ್ನು ಕಾಪಿ ಮಾಡಿ ಎರಡು ಪುಟಕ್ಕೆ ಅಂಟಿಸಿದಳು. ಮೂರನೆಯದಕ್ಕೆ ಕೈ ಹೋಗಲಿಲ್ಲ. ಓದದೆ ಅಳಿಸಿದ್ದಾಗಿತ್ತು, ಈಗ ಓದದೆ ಅಂಟಿಸುವುದೇ? ಅಂಟಿಸಿದ್ದನ್ನೂ ತೆಗೆದು, ಮೊದಲ ಪುಟದಿಂದ ಒಂದೊಂದೇ ಚಿತ್ರ ತೆರೆದು, ನೆತ್ತಿಯ ಸಾಲನ್ನು ಓದಿ, ಓದಿದಂತೆ ಟೈಪ್ ಮಾಡಿ, ಪದ್ಯದ ಗುರುತು ಹಾಕುತ್ತ ಹೋದಳು. ಬೆನ್ನು, ಭುಜ, ಕತ್ತು. ಎಲ್ಲದರ ಮೇಲೂ ಅದೇ ಸಾಲು. ಕಿವಿಯ ಹಿಂದೆ, ಕೆನ್ನೆಯ ಗುಳಿ. ಅದೇ ಸಾಲು. ತನ್ನದು ಸುಮ್ಮನೆ ಹಟವೇನೋ ಅನ್ನಿಸತೊಡಗಿತು. ನಡುವೆ ಟೀಚರರ ಮೆಸೇಜು ಬಂತು: ಊಟ ಆಯ್ತು, ಟ್ಯಾಕ್ಸಿಗೆ ಹೇಳಿದ್ದೇನೆ.

ಕೊನೆಯ ಪುಟ ತಲೆಗೆ ನೀರು ಹೊಯ್ಯುವ ಪದ್ಯ. ಅದರ ಮೇಲಿನ ಮೂಲೆಯಲ್ಲಿ ಹುಳ ತಿಂದ ಸಣ್ಣ ತೂತು. ಅಕ್ಷರಗಳನ್ನು ಬೆರಳಿಟ್ಟು ಓದಿದವಳು ತಡೆದು ನಿಂತಳು. ಇನ್ನೊಮ್ಮೆ ಓದಿದಳು.

ಅದೇ ಗಳಿಗೆಗೆ ಫೋನ್ ಬಂತು.

"ಮುಗೀತಾ ಮಗಾ? ಟ್ಯಾಕ್ಸಿಯವ ಕೆಳಗೆ ಬಂದ."

"ಮುಗೀತು. ಟೀಚರ್, ಕೊನೆಯ ಪುಟದ್ದು ಬೇರೆ ಉಂಟು. ಕೇಳಿ: ನೀರೇ ನೀರೇ ಹೋಗಿ ಬಾ, ನಾಳೆಗೆ ಬೆಚ್ಚಗೆ ಕಾದು ಬಾ."

ಟೀಚರರ ಹಿಂದುಗಡೆ ಅವರ ಮಗಳು "ಅಮ್ಮಾ, ಲಿಫ್ಟ್ ಬಂತು" ಎನ್ನುವುದು ಕೇಳಿಸುತ್ತಿತ್ತು.

"ನಾನು ಹೇಳಿದ ಹಾಗೆ ಅಂಟಿಸಿದ್ದರೆ ಆ ಮಗು ಇನ್ನೂ ಬಚ್ಚಲಲ್ಲೇ ಇರ್ತಿತ್ತು" ಎಂದರು ಟೀಚರ್. "ಕಳಿಸು. ಲಿಫ್ಟು ಇನ್ನೊಮ್ಮೆ ಬರ್ತದೆ."

ಜೂಡಿತ್ ಕಳಿಸಿದಳು. ಟೀಚರ್ ಅಲ್ಲೇ ನಿಂತು ಅದನ್ನು ಭಂಡಾರಕ್ಕೆ ಏರಿಸಿ "ಖಲಾಸ್" ಎಂದರು. ಕಣ್ಣು ಸರಿಯಾಗುವ ತನಕ ಮುಂದಿನ ಪುಸ್ತಕಗಳನ್ನು ನೀನೇ ನೋಡು, ಯಾರನ್ನೂ ಕೇಳುವುದು ಬೇಡ ಎಂದೂ ಹೇಳಿದರು.

ಅಡುಗೆಮನೆಯಲ್ಲಿ ಸಾರು ತಯಾರಾಗಿತ್ತು. ಉಪ್ಪು ಮಾತ್ರ ಎರಡು ಸಲ ಬಿದ್ದಿತ್ತು. ಅವಳು ತಟ್ಟೆ ಹಿಡಿದು ಮಕ್ಕಳ ನಡುವೆ ಕೂತು, ಕೊನೆಯ ಪದ್ಯವನ್ನು ಅದರ ಸಾಲಿನೊಂದಿಗೆ ಹೇಳಿ ತೋರಿಸಿದಳು.

"ಓ, ಸೋ ಹಿ ಸೆಡ್ ಬೈ ಟು ದ ವಾಟರ್" ಎಂದಳು ಡೆಬೊರಾ.

"ಹೌದು."

"ವಾಟರ್ ಏನು ಹೇಳಿತು?"

"ಅದನ್ನು ಮಾಸ್ತರರು ಬರೆದಿಲ್ಲ" ಎಂದು ಜೂಡಿತ್ ಸಾರಿಗೆ ಇನ್ನಷ್ಟು ಅನ್ನ ಕಲಸಿಕೊಂಡಳು.