ಅಜ್ಜಿಯನ್ನು ಸಾಕಿದವಳು

ಗಂಡನ ಎಡಗೈ ಅಂಗಿಯ ತೋಳಿನೊಳಗೆ ಹೋಯಿತು, ಬಲಗೈ ಹೋಗಲಿಲ್ಲ. ಹೆನ್ನಿ ಅಂಗಿಯನ್ನು ಪೂರ್ತಿ ಬಿಚ್ಚಿ ಈ ಸಲ ಬಲಗೈಯಿಂದಲೇ ಶುರುಮಾಡಿದಳು. ಡೌವೆ ಮಂಚದ ಅಂಚಿನಲ್ಲಿ ಕುಳಿತು ಗೋಡೆ ನೋಡುತ್ತಿದ್ದ. ಪಕ್ಕದ ಸ್ಟೂಲಿನ ಮೇಲಿದ್ದ ಬೇಸಿನ್ನಿನಲ್ಲಿ ನೀರು ತಣ್ಣಗಾಗಿ, ಸೋಪಿನ ನೊರೆ ಬೂದುಬಣ್ಣಕ್ಕೆ ತಿರುಗಿತ್ತು. ಕುತ್ತಿಗೆ, ಕಂಕುಳು, ಬೆನ್ನು ಒರೆಸಿದ್ದಾಗಿತ್ತು. ಸೊಂಟದಿಂದ ಕೆಳಗೆ ಅವಳೊಬ್ಬಳಿಂದ ಆಗುವ ಕೆಲಸವಲ್ಲ. ಗಂಟೆ ಒತ್ತಿ ಬಹಳ ಹೊತ್ತಾಗಿತ್ತು. ಬಾಗಿಲ ಮೇಲಿನ ಕಿತ್ತಳೆ ದೀಪ ಉರಿಯುತ್ತಲೇ ಇತ್ತು. ಬಗ್ಗಿ ನೋಡಿದರೆ ಕಾರಿಡಾರಿನ ಉದ್ದಕ್ಕೂ ಅಂಥವೇ ದೀಪಗಳು, ಒಂದೊಂದು ಬಾಗಿಲಿಗೆ ಒಂದೊಂದು.

"ಕೈ ಸಡಿಲ ಬಿಡೋ ಮಾರಾಯ," ಅಂದಳು.

ಡೌವೆ ಬಿಡಲಿಲ್ಲ. ಅವನ ಬಲಗೈ ತನ್ನ ಪಾಡಿಗೆ ತಾನು ಎಡಕ್ಕೂ ಬಲಕ್ಕೂ ಆಡುತ್ತಿತ್ತು, ಹಸಿ ಹೊಲಕ್ಕೆ ಗೊಬ್ಬರ ಎರಚುವವನ ಕೈಯ ಹಾಗೆ. ಹೊಸಬರು ಅದನ್ನು ನಡುಕ ಅಂದುಕೊಳ್ಳುತ್ತಿದ್ದರು. ಹೆನ್ನಿಗೆ ಅದು ಏನೆಂದು ಗೊತ್ತಿತ್ತು. ಮಂಜಿನ ಮೇಲೆ ಕಲ್ಲು ಜಾರಿಸಿ ಆಡುವ ಊರಿನ ಕರ್ಲಿಂಗ್ ಕ್ಲಬ್ಬಿನಲ್ಲಿ ಡೌವೆ ಚಳಿಗಾಲಗಳನ್ನೆಲ್ಲ ಮಂಜುಗಡ್ಡೆಯ ಅಂಗಳ ಕಾಯುತ್ತ ಕಳೆದವನು. ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ, ಗಡ್ಡೆಯ ಮೇಲೆ ಹನಿ ಚಿಮುಕಿಸುವುದು ಅವನ ಕೆಲಸ. ಹನಿ ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಗುಳ್ಳೆಯಾಗಬೇಕು. ಗುಳ್ಳೆ ಇಲ್ಲದಿದ್ದರೆ ಕಲ್ಲು ಜಾರುವುದಿಲ್ಲ. ಹೆಂಡತಿಯ ಹೆಸರು ಈಗೀಗ ಮರೆಯುತ್ತಾನೆ. ಕೈ ಮಾತ್ರ ಯಾವುದನ್ನೂ ಮರೆತಿಲ್ಲ.

ಹೆನ್ನಿ ಪರ್ಸಿನಿಂದ ಪೆಪ್ಪರ್‌ಮಿಂಟ್ ತೆಗೆದು ಹಲ್ಲಿನಲ್ಲಿ ಕಡಿದು, ಚೂರೊಂದನ್ನು ಅವನ ತುಟಿಯ ನಡುವೆ ಇಟ್ಟಳು. ಮದುವೆಯಾದಂದಿನಿಂದ ಚರ್ಚಿನಲ್ಲಿ ಪಾದ್ರಿ ಬಾಯಿ ತೆರೆಯುವ ಹೊತ್ತಿಗೆ ಹೀಗೆಯೇ ಒಂದು ಪೆಪ್ಪರ್‌ಮಿಂಟ್ ದಾಟಿಸುತ್ತಿದ್ದಳು. ಡಚ್ಚರ ಚರ್ಚಿನಲ್ಲಿ ಉಪದೇಶ ಅಂದರೆ ಆ ವಾಸನೆ. ಡೌವೆಯ ಕೈ ನಿಂತಿತು. ಅಷ್ಟರಲ್ಲಿ ಅಂಗಿ ತೊಡಿಸಿ ಮುಗಿಸಿದಳು.

ಆ ಮಹಡಿಯ ಆರೈಕೆಯವಳು ಮಾರಿವಿಕ್ ಓಡೋಡುತ್ತ ಬಂದಳು. ಮನಿಲಾದ ಕಡೆಯ ಹುಡುಗಿ, ಹುಡುಗಿಯೆಂದರೂ ನಲವತ್ತು ದಾಟಿದವಳು. ಕೈಗವಸು ಕಳಚುತ್ತ ಬಂದವಳು ಬೇಸಿನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಇವತ್ತು ಅವರ ಸ್ನಾನದ ದಿನ, ನಂಗೆ ಗೊತ್ತು ಅಮ್ಮಾ. ಅವರನ್ನ ಎತ್ತೋ ಯಂತ್ರಕ್ಕೆ ಇಬ್ಬರು ಬೇಕು, ಒಬ್ಬಳೇ ಎತ್ತಿದ್ರೆ ನನ್ನ ಕೆಲಸಾನೇ ಹೋಗತ್ತೆ. ಕೆಳಗಿನ ಮಹಡಿಯಿಂದ ಯಾರಾದ್ರೂ ಬಿಡುವಾಗಿ ಬಂದ್ರೆ…"

"ಹೋದ ವಾರಾನೂ ಬಿಡುವಾಗಲಿಲ್ಲ."

"ಇಲ್ಲ," ಅಂದಳು ಮಾರಿವಿಕ್. ಬಗ್ಗಿ ಡೌವೆಯ ಕಾಲುಚೀಲ ಸರಿಮಾಡಿದಳು. ದೀಪ ಆರಿಸಿ, ಪಕ್ಕದ ದೀಪದ ಕಡೆಗೆ ಓಡಿದಳು.

ಊರಿನವರ ಬಾಯಲ್ಲಿ ವೃದ್ಧರ ಆ ಆರೈಕೆ ಮನೆ ಬರೀ "ಗುಡ್ಡ". ಇಂಥವರು ಗುಡ್ಡಕ್ಕೆ ಹೋದರು ಅಂದರೆ ಇನ್ನು ಮನೆಗೆ ಬರುವುದಿಲ್ಲ ಎಂದು ಅರ್ಥ. ಮೊದಲು ಅದನ್ನು ಜಿಲ್ಲಾ ಆಡಳಿತವೇ ನಡೆಸುತ್ತಿತ್ತು. ಎರಡು ವರ್ಷದ ಹಿಂದೆ ಟೊರಾಂಟೊದ ಕಂಪನಿಯೊಂದು ಕೊಂಡಿತು. ಹೊಸ ಬೋರ್ಡು ಬಂತು, ಹೊಸ ಪರದೆಗಳು ಬಂದವು. ಹೋದ ವರ್ಷ ಪ್ರತಿ ಮಹಡಿಯಿಂದ ಕೆಲಸದವರಲ್ಲಿ ಒಬ್ಬೊಬ್ಬರು ಕಡಿಮೆಯಾದರು. ಹೆನ್ನಿ ಹೋದ ವಾರ ಮ್ಯಾನೇಜರಳ ಕೋಣೆಗೆ ಹೋಗಿ ಕೂತಿದ್ದಳು. ಆಕೆ ಒಳ್ಳೆಯವಳೇ. ಕಾಫಿ ತರಿಸಿದಳು, ಎಲ್ಲ ಕೇಳಿಸಿಕೊಂಡಳು, ಕೊನೆಗೆ ಇದೆಲ್ಲ ಮೇಲಿನವರ ತೀರ್ಮಾನ, ತನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ಮೇಲಿನವರು ಅಂದರೆ ಯಾರು ಎಂದು ಹೆನ್ನಿ ಕೇಳಿದ್ದಕ್ಕೆ ಚಾವಣಿಯ ಕಡೆ ನೋಡಿದ್ದಳು.

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಬ್ರೆಡ್ಡು ತಿನ್ನುತ್ತ, ಸಂಜೆ ಷೇರು ಸಂಘದಲ್ಲಿ ಒಪ್ಪಿಸಬೇಕಾದ ವರದಿಗಾಗಿ ಹೆನ್ನಿ ಆ ಕಂಪನಿಯ ವಾರ್ಷಿಕ ಕಾಗದ ಬಿಡಿಸಿದ್ದಳು. ಅದು ಶುರುವಾಗುವುದೇ "ಮಾನ್ಯ ಷೇರುದಾರರೇ" ಎಂದು. ಪ್ರತಿ ವರ್ಷವೂ ಹಾಗೇ ಶುರುವಾಗುತ್ತಿತ್ತು. ಈ ಸಲ ಅವಳು ಆ ಎರಡು ಪದ ದಾಟಿ ಮುಂದೆ ಹೋಗಲು ತುಂಬ ಹೊತ್ತು ತೆಗೆದುಕೊಂಡಳು. ಬ್ರೆಡ್ಡಿನ ಮೇಲಿನ ಬೆಣ್ಣೆ ಕರಗಿ ತಟ್ಟೆಗೆ ಇಳಿಯಿತು.

*

ಕರ್ಲಿಂಗ್ ಕ್ಲಬ್ಬಿನ ಮೇಲುಪ್ಪರಿಗೆಗೆ ಒಂದು ಗೋಡೆ ಪೂರ್ತಿ ಗಾಜು. ಅದರಾಚೆ ಕೆಳಗೆ ಮಂಜುಗಡ್ಡೆಯ ಅಂಗಳ. ತಿಂಗಳ ಮೊದಲ ಮಂಗಳವಾರ ಅಲ್ಲಿ ಷೇರು ಸಂಘ ಸೇರುತ್ತಿತ್ತು. ತಲೆಗಿಷ್ಟು ಎಂದು ಹಣ ಹಾಕಿ, ಒಟ್ಟಾಗಿ ಕೊಂಡು, ಒಟ್ಟಾಗಿ ಬೈದುಕೊಳ್ಳುವ ಎಂಟು ಜನ. ಯಾವ ಷೇರನ್ನೂ ಅದರ ಹೆಸರಿನಿಂದ ಕರೆಯುವವರಲ್ಲ. ಬ್ಯಾಂಕುಗಳೆಲ್ಲ "ಅಣ್ಣತಮ್ಮಂದಿರು". ಪಶ್ಚಿಮದ ಎಣ್ಣೆ ಸಾಗಿಸುವ ಕಂಪನಿ "ಕೊಳವೆ". ಮರ್ಡೊ ಮೆಕಾಸ್ಕಿಲ್ ಹಟಹಿಡಿದು ಕೊಡಿಸಿದ್ದ ಚಿನ್ನವಿಲ್ಲದ ಚಿನ್ನದ ಗಣಿಗೆ "ಗುಂಡಿ" ಎಂದೇ ಹೆಸರು. ಸಂಘಕ್ಕೆ ಒಂದೇ ಗಟ್ಟಿ ನಿಯಮ: ಷೇರನ್ನು ತಂದವರೇ ಅದನ್ನು ಸಾಕಬೇಕು. ತಿಂಗಳು ತಿಂಗಳೂ ಎದ್ದು ಅದರ ಯೋಗಕ್ಷೇಮ ಹೇಳಬೇಕು, ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಉಳಿದವರೆಲ್ಲ ಒಂದಾದರೂ ಸಾಕಿದವರು ಕೈ ಎತ್ತದೆ ಮಾರುವಂತಿಲ್ಲ. ಗುಂಡಿಯನ್ನು ಮರ್ಡೊ ಆರು ವರ್ಷ ಎದೆಗೆ ಅವಚಿಕೊಂಡಿದ್ದ. ಅವನು ಕೈ ಎತ್ತಿದ ದಿನ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದ್ದರು.

ಹೆನ್ನಿ ತಂದದ್ದು "ಅಜ್ಜಿ". ಹತ್ತು ವರ್ಷದ ಹಿಂದೆ, ವೃದ್ಧರ ಆರೈಕೆ ಮನೆಗಳನ್ನು ನಡೆಸುವ ಈ ಕಂಪನಿಯ ಪರವಾಗಿ ಅವಳು ಹೇಳಿದ್ದು ಒಂದೇ ಮಾತು: ಎಣ್ಣೆ ಬತ್ತಬಹುದು, ಚಿನ್ನ ಸಿಗದೇ ಹೋಗಬಹುದು, ಜನ ಮುದುಕರಾಗುವುದನ್ನು ಮಾತ್ರ ಯಾವ ಸರ್ಕಾರವೂ ನಿಲ್ಲಿಸಲಾರದು. ಎಲ್ಲರೂ ನಕ್ಕರು, ಕೊಂಡರು. ಅಜ್ಜಿ ಒಮ್ಮೆಯೂ ಕೈಕೊಡಲಿಲ್ಲ. ಕಂಪನಿ ಗುಡ್ಡವನ್ನು ಕೊಂಡಾಗ, ನಮ್ಮಜ್ಜಿ ನಮ್ಮೂರಿಗೇ ಬಂದಳು ಅಂತ ಮರ್ಡೊ ವಿಸ್ಕಿ ತರಿಸಿದ್ದ. ಆಗ ಡೌವೆ ಕೆಳಗೆ ಅಂಗಳದಲ್ಲಿದ್ದ. ಗಾಜಿನ ಈಚೆ ಲೋಟಗಳು ಎದ್ದದ್ದು ನೋಡಿ, ಏನು ಎತ್ತ ಗೊತ್ತಿಲ್ಲದೆಯೇ ತಾನೂ ಪೊರಕೆ ಎತ್ತಿ ತೋರಿಸಿದ್ದ.

ಇವತ್ತು ಎಂದಿನಂತೆ ಸಣ್ಣ ಪ್ರಶ್ನೆಗಳಿಂದ ಶುರುವಾಯಿತು. ನಿವೃತ್ತಿ ಖಾತೆಗೆ ಹಣ ಕಟ್ಟುವ ಗಡುವು ಮೊನ್ನೆಯಷ್ಟೇ ಮುಗಿದಿತ್ತು. ಕಟ್ಟಲು ಮರೆತವರೊಬ್ಬರು ಕಟ್ಟಿದವರನ್ನು ಹಳಿದರು. ಔಷಧಿ ಅಂಗಡಿ ಇಟ್ಟಿದ್ದ ಡೆನ್ಜಿಲ್, ನಮ್ಮಲ್ಲಿ ಅಣ್ಣತಮ್ಮಂದಿರು ಜಾಸ್ತಿಯಾಗಲಿಲ್ಲವೇ, ಎಲ್ಲರೂ ಒಟ್ಟಿಗೇ ಮಲಗಿದರೆ ಏನು ಗತಿ ಎಂದು ಪ್ರತಿ ತಿಂಗಳೂ ಕೇಳುವುದನ್ನು ಈ ತಿಂಗಳೂ ಕೇಳಿದ. ಅಮೆರಿಕದ ಷೇರು ಕೊಂಡರೆ ಡಾಲರು ಬದಲಾಯಿಸುವುದರಲ್ಲಿ ಎಷ್ಟು ಸೋರುತ್ತದೆ ಎಂಬುದು ಇನ್ನೊಬ್ಬರ ಚಿಂತೆ. ಶಾಲೆಯಲ್ಲಿ ಟೀಚರ್ ಆಗಿದ್ದ ಫರ್ನ್ ಲಿಡಲ್, ಇಡೀ ಮಾರುಕಟ್ಟೆಯನ್ನೇ ಒಂದು ಪೊಟ್ಟಣದಲ್ಲಿ ಕೊಂಡು ಸುಮ್ಮನಿರಿ ಅಂತ ತನ್ನ ಸೋದರಳಿಯ ಹೇಳುತ್ತಾನೆ ಎಂದಳು.

"ಸುಮ್ಮನಿದ್ರೆ ಮಂಗಳವಾರ ನಾವೇನು ಮಾಡೋದು, ಹೆಂಡ್ತಿ ಮುಖ ನೋಡ್ತಾ ಕೂರೋದಾ?" ಅಂದ ಮರ್ಡೊ. ಈ ತಿಂಗಳು ಅಧ್ಯಕ್ಷತೆ ಅವನದು. ನಗು ಇನ್ನೂ ಅಡಗಿರಲಿಲ್ಲ, ಅಭ್ಯಾಸಬಲದಲ್ಲಿ ಮುಂದುವರಿಸಿಬಿಟ್ಟ: "ಸರಿ, ನಮ್ಮಜ್ಜಿ ಹೇಗಿದಾಳೆ?"

ಹೇಳಿದ ಮೇಲೆ ಅವನ ಮುಖ ಇಳಿಯಿತು. ಡೌವೆಯನ್ನು ಗುಡ್ಡಕ್ಕೆ ಸೇರಿಸಿದ ದಿನ ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದವನು ಅವನೇ.

ಹೆನ್ನಿ ಎದ್ದು ನಿಂತಳು. ಕೈಯಲ್ಲಿ ಇನ್ನೂ ಸೋಪಿನ ವಾಸನೆಯಿತ್ತು.

"ಚೆನ್ನಾಗಿದಾಳೆ," ಅಂದಳು. "ಹಾಸಿಗೆ ಎಲ್ಲಾ ಭರ್ತಿ. ಡಿವಿಡೆಂಡ್ ಏರಿಸಿದಾರೆ. ಷೇರಿನ ಬೆಲೆ ಇಷ್ಟು ಮೇಲೆ ಯಾವತ್ತೂ ಹೋಗಿರಲಿಲ್ಲ."

ಡೆನ್ಜಿಲ್ ಕನ್ನಡಕ ಹಣೆಗೆ ಏರಿಸಿದ. ಅವನಲ್ಲಿ ಕೇಡಿಲ್ಲ. ಯಾರು ಎದ್ದರೂ ಅವನು ಹೀಗೆಯೇ ಕೇಳುವುದು. "ಹಾಸಿಗೆ ಹೋದ ವರ್ಷಾನೂ ಭರ್ತಿ ಇತ್ತಲ್ಲ ಹೆನ್ನಿ. ದರ ಏರಿಸೋದು ಸರ್ಕಾರದ ಕೈಲಿ. ಹಾಗಿದ್ಮೇಲೆ ಹೆಚ್ಚಿನ ಲಾಭ ಎಲ್ಲಿಂದ ಬಂತು?"

ಇದಕ್ಕೆ ಅವಳ ಬಳಿ ಸಿದ್ಧ ಉತ್ತರವೊಂದಿತ್ತು. ಖರ್ಚು ಬಿಗಿಹಿಡಿದಿದ್ದಾರೆ ಎಂದರೆ ಸಾಕು, ಎಲ್ಲರೂ ತಲೆದೂಗುತ್ತಿದ್ದರು. ಇದೇ ಜಾಗದಲ್ಲಿ ನಿಂತು ಎಷ್ಟೋ ಸಲ ಹೇಳಿದ್ದಳು, ಹೇಳುವಾಗ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

"ಡೌವೆಯ ಸ್ನಾನದಿಂದ ಬಂತು," ಅಂದಳು.

ಫರ್ನ್ ಬಾಯಿಗೆ ಒಯ್ಯುತ್ತಿದ್ದ ಬಟರ್ ಟಾರ್ಟನ್ನು ತಟ್ಟೆಗೆ ಇಳಿಸಿದಳು. ಕೆಳಗೆ ಯಾರದೋ ಕಲ್ಲು ಇನ್ನೊಂದಕ್ಕೆ ಬಡಿದ ಸದ್ದು ಗಾಜಿನ ಮೂಲಕ ಮಂದವಾಗಿ ಕೇಳಿಸಿತು.

ಹೆನ್ನಿ ದನಿ ಏರಿಸದೆ ವಿವರಿಸಿದಳು. ಮಹಡಿಗೆ ಇಬ್ಬರಿದ್ದ ಕಡೆ ಈಗ ಒಬ್ಬಳು. ಎತ್ತುವುದಕ್ಕೆ ಇಬ್ಬರು ಬೇಕು. ಹಾಗಾಗಿ ಎತ್ತುವುದಿಲ್ಲ. ಎತ್ತದಿದ್ದರೆ ಸ್ನಾನವಿಲ್ಲ, ಆ ಸಂಬಳ ಉಳಿಯಿತು. ಉಳಿದದ್ದು ಇಲ್ಲಿಗೆ ಬಂತು. ಲೆಕ್ಕ ಅಷ್ಟೇ. ಆಮೇಲೆ ಚೀಲದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮೇ ತಿಂಗಳಲ್ಲಿ ಟೊರಾಂಟೊದಲ್ಲಿ ಕಂಪನಿಯ ವಾರ್ಷಿಕ ಸಭೆ. ಒಂದೇ ಒಂದು ಷೇರಿದ್ದವರೂ ಎದ್ದು ಪ್ರಶ್ನೆ ಕೇಳಬಹುದು. ಸಂಘದ ಪರವಾಗಿ ತನ್ನನ್ನು ಕಳಿಸಿ ಎಂದು ಕೇಳಿದಳು. ಬಸ್ಸಿನ ಖರ್ಚು ತನ್ನದೇ.

ಮರ್ಡೊ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ.

"ಹೋಗಿ ಕೇಳಿದ್ರೆ ಏನಾಗತ್ತೆ ಹೇಳು," ಅಂದ ಮರ್ಡೊ ಮೆತ್ತಗೆ. "ವೇದಿಕೆ ಮೇಲೆ ಕೂತಿರೋನು, ಒಳ್ಳೇ ಪ್ರಶ್ನೆ ಕೇಳಿದ್ರಿ, ಥ್ಯಾಂಕ್ಸ್ ಅಂತಾನೆ. ಮುಂದಿನ ಪ್ರಶ್ನೆ ಅಂತಾನೆ. ನೀನು ಅಷ್ಟು ದೂರ ಬಸ್ಸಲ್ಲಿ ವಾಪಸ್ ಬರ್ತೀಯ. ನಮ್ಮ ಹತ್ರ ಇರೋದು ಚಿಟಿಕೆಯಷ್ಟು ಷೇರು ಕಣೇ."

ಅದು ನಿಜವೆಂದು ಹೆನ್ನಿಗೆ ಗೊತ್ತಿತ್ತು. ಬಸ್ಸಿನ ಕಿಟಕಿ, ಹೊರಗೆ ಮೇ ತಿಂಗಳ ಹೊಲಗಳು, ತೊಡೆಯ ಮೇಲೆ ಮಡಿಸಿದ ಕಾಗದ, ಎಲ್ಲವನ್ನೂ ಆಗಲೇ ಕಂಡಿದ್ದಳು.

ಫರ್ನ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಅವಳ ಕೈ ಹಿಡಿದಳು. ಇಷ್ಟು ದಿನ ನಮಗೆ ಹೊಳೆಯಲೇ ಇಲ್ಲವಲ್ಲ ಎಂದಳು. ಹೀಗಿರುವಾಗ ಇದನ್ನು ಇಟ್ಟುಕೊಳ್ಳುವುದೇ ತಪ್ಪು, ಇವತ್ತೇ ಮಾರಿಬಿಡೋಣ. ಡೆನ್ಜಿಲ್, ಬೆಲೆಯೂ ಮೇಲಿದೆ, ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಕ್ಕಿಲ್ಲ ಎಂದ. ಹೇಳಿದ ಮೇಲೆ ನಾಚಿ ಕನ್ನಡಕ ಕೆಳಗಿಳಿಸಿಕೊಂಡ. ಮರ್ಡೊ ಒಬ್ಬೊಬ್ಬರ ಮುಖವನ್ನೂ ನೋಡಿ ಬಂದ. ಎಲ್ಲರೂ ಹೂಂ ಎಂಬಂತೆ ತಲೆಯಾಡಿಸಿದರು.

"ಕೇಳು ಹೆನ್ನಿ," ಅಂದ. "ಅಜ್ಜಿಯಿಂದ ಬಂದದ್ದು ಪೂರ್ತಿ ನಿನಗೆ. ನಮಗೆ ಒಂದು ಕಾಸೂ ಬೇಡ. ಡೌವೆಗೇ ಅಂತ ಒಬ್ಬಳನ್ನ ಗೊತ್ತುಮಾಡ್ಕೋ. ವಾರಕ್ಕೆ ಎರಡು ಸಲ ಬಂದು, ಚೆನ್ನಾಗಿ ಬಿಸಿನೀರಲ್ಲಿ ಸ್ನಾನ ಮಾಡಿಸ್ಲಿ. ಅವನು ನಮ್ಮ ಡೌವೆ ಕಣೇ."



ಹೆನ್ನಿ ಕೂತಳು. ಅವಳ ಕಣ್ಣಿಗೆ ಹಬೆಯಾಡುವ ಟಬ್ಬು ಕಂಡಿತು. ನೀರಿಗಿಳಿದ ಡೌವೆ ಕತ್ತು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚುವುದು, ಆ ಕೈ ನೀರಿನ ಮೇಲೆ ತೇಲುವುದು. ಅಷ್ಟು ಸಾಕಾಗಿತ್ತು ಅವಳಿಗೆ, ಬೆಳಗಿನಿಂದ ಬೇಡುತ್ತಿದ್ದದ್ದೂ ಅಷ್ಟೇ. ಅವನ ಬಾಗಿಲ ಮೇಲಿನ ದೀಪ ಆರುತ್ತದೆ. ಕಾರಿಡಾರಿನಲ್ಲಿ ಅದರಾಚೆಯ ದೀಪ, ಅದರಾಚೆಯದು ಉರಿಯುತ್ತಲೇ ಇರುತ್ತವೆ, ಮಾರಿವಿಕ್ ಓಡುತ್ತಲೇ ಇರುತ್ತಾಳೆ. ಮಾರಿದ್ದನ್ನು ನಾಳೆ ಬೆಳಿಗ್ಗೆ ಇನ್ಯಾರೋ ಕೊಂಡಿರುತ್ತಾರೆ, ಗುಡ್ಡ ಎಲ್ಲಿದೆ ಎಂದೂ ಗೊತ್ತಿಲ್ಲದವರು. ಮುಂದಿನ ವರ್ಷದ ಕಾಗದ ಅವರ ಮನೆಗೆ ಹೋಗುತ್ತದೆ, ಸಭೆಯಲ್ಲಿ ಎದ್ದು ಕೇಳುವ ಹಕ್ಕೂ ಅದರ ಜೊತೆಗೇ.

"ಅಜ್ಜಿಯನ್ನ ಮಾರೋದು ಅಂತ ನನ್ನ ಸೂಚನೆ," ಎಂದು ಮರ್ಡೊ ಕೈ ಎತ್ತಿದ. ಫರ್ನ್ ಎತ್ತಿದಳು, ಡೆನ್ಜಿಲ್ ಎತ್ತಿದ. ಒಂದೊಂದಾಗಿ ಮೇಜಿನ ಸುತ್ತ ಕೈಗಳೆದ್ದವು, ನಡುಗುವ ಕೈ, ಉಂಗುರ ಬಿಗಿದ ಕೈ, ಸಂಧಿವಾತದಿಂದ ಪೂರ್ತಿ ಮೇಲೇಳದ ಕೈ. ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು, ಹುಟ್ಟುಹಬ್ಬದ ಪೊಟ್ಟಣ ಬಿಚ್ಚಲಿ ಎಂದು ಕಾಯುವವರ ಹಾಗೆ.

ಗಾಜಿನಾಚೆ ಆಟ ಮುಗಿದಿತ್ತು. ಡೌವೆಯ ಜಾಗಕ್ಕೆ ಬಂದವನು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಹನಿ ಚಿಮುಕಿಸುತ್ತಿದ್ದ. ಅವಸರ ಅವನಿಗೆ. ಹನಿ ಒಂದು ಕಡೆ ದಟ್ಟ, ಒಂದು ಕಡೆ ತೆಳು. ಹೆನ್ನಿ ಅವನು ಆ ತುದಿ ಮುಟ್ಟುವವರೆಗೂ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಕಾಗದವನ್ನು ಎಳೆದುಕೊಂಡು ಮಡಿಸಿ ತೊಡೆಯ ಮೇಲಿಟ್ಟು, ಎರಡೂ ಕೈಗಳನ್ನು ಅದರ ಮೇಲೆ ಊರಿದಳು.

"ಇಲ್ಲ," ಅಂದಳು. "ನಾನು ಕೈ ಎತ್ತಲ್ಲ."