ಮನೆಯೊಳಗೆ ಕನ್ನಡ ಬಂದ್

“ತಲೇಲಿ ಏನು ಸಗಣಿ ತುಂಬಿದೆಯೇನ್ರೀ? ಮನೇಲಿ ಕನ್ನಡ ಬೇಡ ಅಂತ ಎಷ್ಟು ಸಲ ಹೇಳೋದು?”

ಧಾತ್ರಿ ಮೇಡಮ್ ಬೈದದ್ದು ಅಚ್ಚ ಕನ್ನಡದಲ್ಲಿ. ಮೈಸೂರು ಕಡೆಯವರು. ಆಟಿಸಂ ಇರುವ ದೊಡ್ಡವರಿಗೆ ಮಾತಿನ ತರಬೇತಿ ಕೊಡುವ ಕೇಂದ್ರವನ್ನು ಮುಂಬೈಯ ಚೆಂಬೂರಿನಲ್ಲಿ ನಡೆಸುತ್ತಿದ್ದರು. ಬೈಸಿಕೊಂಡ ಮಲ್ಲವ್ವ ಅದೇ ಕೇಂದ್ರದ ಸಂಡಾಸಿನ ಬಾಗಿಲಲ್ಲಿ ಫಿನಾಯಿಲಿನ ಬಕೆಟ್ಟು ಹಿಡಿದು ನಿಂತಿದ್ದಳು. ಮಗ ದಾನಪ್ಪನ ಫೀಸಿನ ಬದಲು ಅವಳು ನೆಲ ಒರೆಸಿ ಸಂಡಾಸು ತೊಳೆಯಬೇಕೆಂದು ಮಾತಾಗಿತ್ತು.

“ಕ್ಲಾಸಲ್ಲಿ ಇವತ್ತು ಗೋಡೆ ನೋಡ್ಕೊಂಡು ‘ಅವ್ವಾ, ಹಸಿವ್ಯಾಗೈತಿ’ ಅಂತಾನೆ. ಒಂದೇ ಭಾಷೆ ಇರ್ಬೇಕು, ಹಿಂದಿ. ನಾಳೆ ಕೆಲಸ ಕೊಡೋರು ನಿಮ್ಮ ಕನ್ನಡ ಕೇಳ್ತಾರಾ?”

“ತಪ್ಪಾತ್ರಿ ಬಾಯಾರ. ನನ್ನ ನಾಲಿಗಿ ಸುಡ್ಲಿ.”

ತಪ್ಪು ಅವಳದಾಗಿರಲಿಲ್ಲ. ಅವಳು ಮನೆಯಲ್ಲಿ ಕನ್ನಡ ಬಿಟ್ಟು ವರ್ಷವಾಗಿತ್ತು. ಮಗ ತನಗೆ ಹೇಳದ ಹಸಿವನ್ನು ಕ್ಲಾಸಿನ ಗೋಡೆಗೆ ಹೇಳಿದನಲ್ಲ ಎಂದು ಅವಳಿಗೆ ಗೋಡೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಮಲ್ಲವ್ವನ ಹಿಂದಿ ತರಕಾರಿ ಗಾಡಿಯವರ ಜೊತೆ ಜಗಳಾಡಿ ಕಲಿತದ್ದು. ಅದರಲ್ಲಿ ಚೌಕಾಸಿ ಇತ್ತು, ಬೈಗುಳವಿತ್ತು, ಮಗನನ್ನು ಉಣ್ಣಲು ಕರೆಯುವ ಮಾತು ಮಾತ್ರ ಇರಲಿಲ್ಲ. “ರೋಟಿ ಲೇಗಾ ಕ್ಯಾ?” ಎಂದರೆ ಮೂವತ್ತು ದಾಟಿದ ದಾನಪ್ಪ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡುತ್ತಿದ್ದ.

“ಹೆತ್ತ ಮಗನ ಮುಂದ ಭಾಜಿ ಮಾರಾಕಿ ಆದೆ ನೋಡವ್ವಾ,” ಎಂದು ಪಕ್ಕದ ಖೋಲಿಯ ಇಂದ್ರಾಬಾಯಿಯ ಹತ್ತಿರ ನಗುತ್ತಿದ್ದಳು.

ಮೊದಲು ದಾನಪ್ಪ ಸಂಜೆ ಅವಳ ಪಕ್ಕ ಕೂತು, ಲೋಕಲ್ ರೈಲಿನಲ್ಲಿ ಕಂಡದ್ದನ್ನೆಲ್ಲ ಒಂದೊಂದೇ ಮಾತಾಗಿ ಹೇಳುತ್ತಿದ್ದ. ಮಾತು ಹೊರಬರಲು ಹೊತ್ತು ಹಿಡಿಯುತ್ತಿತ್ತು, ಅವಳು ರೊಟ್ಟಿ ಬಡಿಯುತ್ತ ಕಾಯುತ್ತಿದ್ದಳು. ಈಗ ಅದೂ ನಿಂತಿತ್ತು. ಓದಿದವರು ಹೇಳಿದರೆಂದು ಇದ್ದೊಬ್ಬ ಮಗನ ಬಾಯಿಗೆ ಬೀಗ ಹಾಕಿದ ಮಹಾ ಜಾಣೆ ತಾನು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಆದರೂ ಅವನಿಗೆ ಕೆಲಸ ಸಿಕ್ಕೀತೆಂಬ ಆಸೆ ಬಿಡಲಿಲ್ಲ.

ಶನಿವಾರ ಕೇಂದ್ರಕ್ಕೆ ದೇಣಿಗೆ ಕೊಡುವ ಸೇಠರು ಬಂದರು. ಮೇಡಮ್ ದಾನಪ್ಪನಿಗೆ ಹೊಸ ಅಂಗಿ ಹಾಕಿಸಿ ಮುಂದೆ ನಿಲ್ಲಿಸಿದ್ದರು. ‘ಮೈ ಖುಶ್ ಹೂಂ, ಆಪ್ ಕಾ ಧನ್ಯವಾದ್’ ಎಂದು ಬಾಯಿಪಾಠ ಮಾಡಿಸಿದ್ದರು. ಅಷ್ಟು ಹೇಳಿದರೆ ಸೇಠರ ಘಾಟ್ಕೋಪರಿನ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. ಮಲ್ಲವ್ವನ ಸೀರೆ ನಾರುತ್ತದೆಂದು ಅವಳನ್ನು ಒಳಗೆ ಬಿಡಲಿಲ್ಲ. ಅರ್ಧ ತೊಳೆದ ಸಂಡಾಸು ಬಿಟ್ಟು ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಸೇಠರು ಫೋಟೋಕ್ಕೆಂದು ದಾನಪ್ಪನ ಹೆಗಲ ಮೇಲೆ ಕೈಯಿಟ್ಟರು. ಯಾರಾದರೂ ಮುಟ್ಟಿದರೆ ಅವನಿಗೆ ಮೈಯೆಲ್ಲ ಮುಳ್ಳು ಚುಚ್ಚಿದಂತಾಗುತ್ತಿತ್ತು. ಹಣೆ ಬಡಿದುಕೊಳ್ಳತೊಡಗಿದ.

“ಬೋಲೋ ದಾನಪ್ಪ, ಹಿಂದಿ ಮೇ ಬೋಲೋ,” ಎಂದರು ಮೇಡಮ್, ನಗು ಬಿಡದೆ.

“ಕೈ ತಗೀ,” ಎಂದ ದಾನಪ್ಪ. “ಕೈ ತಗೀ. ಕೈ ತಗೀ.”

“ಕ್ಯಾ ಬೋಲಾ?” ಎಂದು ಸೇಠರು ಕೇಳಿದರು.

“ಥ್ಯಾಂಕ್ಯೂ ಬೋಲ್ ರಹಾ ಹೈ ಸರ್, ಅಪನೀ ಭಾಷಾ ಮೇ,” ಎಂದು ಮೇಡಮ್ ಅರ್ಥ ಹೇಳಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸೇಠರು ಖುಷಿಯಿಂದ ಹೆಗಲನ್ನು ಇನ್ನಷ್ಟು ಒತ್ತಿ ಹಿಡಿದರು.

ಮಲ್ಲವ್ವ ಹಸಿ ಕಾಲಲ್ಲೇ ನುಗ್ಗಿದಳು. ಫಿನಾಯಿಲ್ ಮೆತ್ತಿದ ಕೈಯಿಂದ ಸೇಠರ ಮಣಿಕಟ್ಟು ಹಿಡಿದು ಎತ್ತಿ ಆಚೆ ಒಗೆದಳು.

“ಝೂಟ್ ಬೋಲತೀ ಹೈ ಯೇ! ಹಾಥ್ ನಿಕಾಲೋ ಬೋಲಾ ಮೇರಾ ಬೇಟಾ. ಬಹರಾ ಹೈ ಕ್ಯಾ ಭಾಡ್ಯಾ?”

ಮೇಡಮ್ ಸುಳ್ಳಿ, ಸೇಠ ಕಿವುಡ ಎಂಬ ಆ ತರಕಾರಿ ಗಾಡಿಯ ಹಿಂದಿ ಅಲ್ಲಿದ್ದ ಎಲ್ಲರಿಗೂ ಸರಿಯಾಗಿ ಅರ್ಥವಾಯಿತು.

“ಮಲ್ಲವ್ವ! ನಾಳೆಯಿಂದ ಇಬ್ಬರೂ ಬರ್ಬೇಡಿ!” ಮೇಡಮ್ ಮತ್ತೆ ಕನ್ನಡಕ್ಕೆ ಬಂದಿದ್ದರು.

“ನಾಳೆ ಯಾಕ್ರಿ, ಈಗ ಹೊಂಟ್ವಿ. ಸಂಡಾಸ ಅರ್ಧಾ ತೊಳದೀನಿ. ಉಳದದ್ದು ನೀವ ತಿಕ್ಕೊಳ್ರಿ, ಯಾವ ಭಾಷಾದಾಗ ಬೇಕೋ ಆ ಭಾಷಾದಾಗ.”

ಮಲ್ಲವ್ವ ಮೆಟ್ಟಿಲಿಳಿಯತೊಡಗಿದಳು. ತರಬೇತಿಯೂ ಹೋಯಿತು, ಗೋದಾಮಿನ ಕೆಲಸವೂ ಹೋಯಿತು. ದಾನಪ್ಪ ಹಿಂದೆ ಉಳಿದಿದ್ದ.

“ಜಲ್ದೀ ಆವ್ ಬೇಟಾ,” ಎಂದಳು, ರೂಢಿಯಂತೆ.

ಅವನು ನಿಂತ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಅವಳು ಕಾದಳು.

“ಅವ್ವಾ, ಹಿಂದಿ ಬ್ಯಾಡ. ನಿನಗ ಬರೂದಿಲ್ಲ.”

“ಹೌದೋ ನಮ್ಮಪ್ಪಾ,” ಎಂದು ಮಲ್ಲವ್ವ ಮೆಟ್ಟಿಲ ಮೇಲೆ ಕುಸಿದು ಕೂತಳು. “ಬರೂದಿಲ್ಲ.”