ಕೆಂಪು ಬಣ್ಣದ ನಾಲ್ಕು ನಿಮಿಷ

ವಿಡಿಯೋದಲ್ಲಿ ನನ್ನ ಗಂಡ ಸುಮ್ಮನೆ ನಿಂತಿದ್ದಾನೆ. ತಗಡು ಒತ್ತುವ ಪ್ರೆಸ್ ಯಂತ್ರವನ್ನು ಆಗಷ್ಟೇ ಆರಿಸಿದ್ದಾನೆ. ಅಂಗೈ ಅದರ ಕವಚದ ಮೇಲಿದೆ. ಚಿತ್ರ ತೆಗೆಯುತ್ತಿರುವವಳು ನಾನು.

'ಯಾಕೆ ನಿಂತ್ಕೊಂಡೆ? ಟೈಮ್ ಓಡ್ತಿದೆ,' ಎನ್ನುತ್ತದೆ ನನ್ನ ದನಿ.

'ಒಳಗೆ ದೊಡ್ಡ ಚಕ್ರ ಇನ್ನೂ ತಿರುಗ್ತಿದೆ ಕಣೇ. ಇವಳಿಗೆ ನಿದ್ದೆ ಹತ್ತೋವರೆಗೂ ಕಾಯ್ಬೇಕು. ನಿನ್ನ ಹಾಗೇ, ಬೇಗ ಮಲಗಲ್ಲ.'

ನಾನು ನಗುತ್ತೇನೆ. ಅವನು ನಾಲ್ಕು ನಿಮಿಷ ಹಾಗೇ ನಿಂತಿರುತ್ತಾನೆ.

ಕಾರ್ಖಾನೆಯ ಪ್ರಾಜೆಕ್ಟ್ ವಿಭಾಗದಲ್ಲಿ ಡೇಟಾ ನೋಡಿಕೊಳ್ಳುವುದು ನನ್ನ ಕೆಲಸ. ಪ್ರೆಸ್ಸಿನ ಅಚ್ಚು ಬದಲಿಸಲು ಹಿಡಿಯುವ ನಲವತ್ತು ನಿಮಿಷವನ್ನು ಅರ್ಧದಷ್ಟಕ್ಕೆ ಇಳಿಸುವುದು ಆಗಿನ ಪ್ರಾಜೆಕ್ಟ್. ವ್ಯರ್ಥವನ್ನು ಕಳೆಯುವ ಈ ‘ಲೀನ್’ ಪದ್ಧತಿಯಲ್ಲಿ ಪ್ರತಿಯೊಂದು ಹೆಜ್ಜೆಯನ್ನೂ ಅಳೆದು ಬಣ್ಣ ಹಾಕುತ್ತೇವೆ. ಉಪಯೋಗದ ಕೆಲಸಕ್ಕೆ ಹಸಿರು, ವ್ಯರ್ಥಕ್ಕೆ ಕೆಂಪು. ಕೆಂಪು ಬಿದ್ದದ್ದನ್ನು ಕಿತ್ತುಹಾಕಬೇಕು. ಕಾಯುವುದು ವ್ಯರ್ಥಗಳ ಪಟ್ಟಿಯಲ್ಲೇ ಇದೆ. ಆ ನಾಲ್ಕು ನಿಮಿಷಕ್ಕೆ ನಾನು ಕೆಂಪು ಹಾಕಿದೆ. ಕಾರಣದ ಜಾಗದಲ್ಲಿ 'ಸುಮ್ಮನೆ ನಿಂತಿರುವುದು' ಎಂದು ಬರೆದೆ.

ಹೊಸ ಕ್ರಮದಂತೆ ಯಂತ್ರ ಆರಿಸಿದ ಕೂಡಲೇ ಕವಚ ಬಿಚ್ಚಬೇಕು. ಅವನು ಹಾಳೆ ಓದಿ, 'ನೀನೇ ಬರ್ದಿದ್ದಲ್ವಾ, ಮಾಡ್ತೀನಿ ಬಿಡು,' ಎಂದ. ಸಮಯ ಇಪ್ಪತ್ತೆರಡು ನಿಮಿಷಕ್ಕೆ ಇಳಿಯಿತು. ಎರಡೂವರೆ ತಿಂಗಳ ಮೇಲೆ ಅವನ ತೋಳು ಚಕ್ರಕ್ಕೆ ಸಿಕ್ಕಿತು. ಆಸ್ಪತ್ರೆ ತಲುಪಲಿಲ್ಲ.

ಅಪಘಾತದ ವರದಿಯಲ್ಲಿ 'ಕೆಲಸಗಾರನ ಅಜಾಗರೂಕತೆ' ಎಂದಿತ್ತು. ಓದಿ ಸಹಿ ಹಾಕಿದೆ. ಕ್ರಮ ಬದಲಾಗಲಿಲ್ಲ.

ಈಗ ಮನೆಯಲ್ಲಿ ಫ್ಯಾನ್ ಆರಿಸಿದರೆ ರೆಕ್ಕೆಗಳು ಪೂರ್ತಿ ನಿಲ್ಲುವವರೆಗೂ ಕೋಣೆಯಿಂದ ಹೊರಡಲಾರೆ. ಅವನು ಹಿಂದೆ ನಿಂತಿರುತ್ತಾನೆ. ಅವನ ಅಂಗಿಯ ಎಣ್ಣೆ ವಾಸನೆ ಬರುತ್ತದೆ. ತಿರುಗಿದರೆ ಹೋಗಿಬಿಡುತ್ತಾನೆ. ಹಾಗಾಗಿ ತಿರುಗುವುದನ್ನು ಬಿಟ್ಟಿದ್ದೇನೆ.

ಅವನು ಹೋದದ್ದಕ್ಕೆ ಪರಿಹಾರವೆಂದು ಮೈದುನನಿಗೆ ಕಾರ್ಖಾನೆಯ ಎರಡನೆಯ ಸಾಲಿನಲ್ಲಿ ಕೆಲಸ ಕೊಟ್ಟರು. ಬರುವ ಸೋಮವಾರದಿಂದ ಆ ಸಾಲಿನ ಪ್ರೆಸ್ಸುಗಳಿಗೂ ಅದೇ ಕ್ರಮ. ಅಲ್ಲಿ ಅಚ್ಚು ಬದಲಿಸುವ ಫಿಟ್ಟರ್‌ಗಳಲ್ಲಿ ಅವನೂ ಒಬ್ಬ.

'ಅತ್ತಿಗೆ, ಅಣ್ಣಂದು ಇಪ್ಪತ್ತೆರಡು ಅಲ್ವಾ? ನಾನು ಇಪ್ಪತ್ತಕ್ಕೆ ತಂದು ತೋರಿಸ್ತೀನಿ, ನೋಡ್ತಿರಿ,' ಎಂದ, ಗುರುವಾರ ಊಟದ ಹೊತ್ತಿಗೆ. ಮನೆಯಲ್ಲಷ್ಟೇ ಅಲ್ಲ, ಕಾರ್ಖಾನೆಯಲ್ಲೂ ಅವನು ನನ್ನನ್ನು ಅತ್ತಿಗೆ ಎಂದೇ ಕರೆಯುತ್ತಾನೆ.

'ಮೊದ್ಲು ತಿಂದ ತಟ್ಟೆ ತೊಳೆದು ತೋರಿಸಪ್ಪ, ಮಹರಾಯ,' ಎಂದರು ಅತ್ತೆ.

ಬೇಡ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳುತ್ತಾನೆ. ಅತ್ತೆಯೂ ಕೇಳುತ್ತಾರೆ. ನೀರು ಕುಡಿದೆ.

ಶುಕ್ರವಾರದ ಸಭೆಯಲ್ಲಿ ಮ್ಯಾನೇಜರ್ ನನ್ನ ಹಾಳೆಯನ್ನು ಪರದೆಯ ಮೇಲೆ ನೋಡಿದರು. ಎರಡನೆಯ ಸಾಲಿನ ಫಿಟ್ಟರ್‌ಗಳು ಹಿಂದಿನ ಬೆಂಚಿನಲ್ಲಿದ್ದರು. ಮೈದುನನೂ ಇದ್ದ.

'ಇಪ್ಪತ್ತಾರು ಅಂತ ಬಂದಿದೆಯಲ್ಲಮ್ಮ. ತಪ್ಪು ಬಿದ್ದಿದೆ, ಸರಿ ಮಾಡಿ.'

'ಸರಿ ಮಾಡಿರೋದೇ ಅದು, ಸರ್. ತೆಗೆದಿದ್ದ ನಾಲ್ಕು ನಿಮಿಷ ವಾಪಸ್ ಸೇರಿಸಿದೀನಿ.'

'ದಿನಕ್ಕೆ ಐದು ಸಲ ಅಚ್ಚು ಬದಲಾಗತ್ತೆ. ಇಪ್ಪತ್ತು ನಿಮಿಷ ಹೊಳೆಗೆ ಹಾಕಿದ ಹಾಗೆ. ನಿಮ್ಮ ಸಂಕಟ ನನಗೂ ಗೊತ್ತು. ಆದ್ರೆ ಮೇಲಿನವರು ಅಂಕಿ ಕೇಳ್ತಾರೆ.'

ನಾನು ವಿಡಿಯೋ ಹಾಕಿದೆ. ಅವನ ಮಾತು ಕೋಣೆಯಲ್ಲಿ ಕೇಳಿಸಿತು. ನನ್ನ ನಗುವೂ. ಆಮೇಲಿನ ನಾಲ್ಕು ನಿಮಿಷವನ್ನೂ ಪೂರ್ತಿ ಓಡಿಸಿದೆ.

'ಇದಕ್ಕೆ ಕೆಂಪು ಹಾಕಿದ್ದು ನಾನು,' ಎಂದೆ. 'ಅವರು ಕಾರಣ ಹೇಳಿದ್ರು, ಕೇಳಿಸ್ಕೊಂಡಿದ್ದೆ. ಆದ್ರೂ ಹಾಕಿದೆ. ಅವರು ಅಜಾಗರೂಕರಾಗಿರ್ಲಿಲ್ಲ. ನಾನು ಬರ್ದಿದ್ದನ್ನ ಮಾಡಿದ್ರು.'

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. 'ಇದೆಲ್ಲ ಕಡತಕ್ಕೆ ಹೋಗತ್ತೆ. ನಿಮ್ಮ ಹೆಸರಲ್ಲೇ ಹೋಗತ್ತೆ.'

'ಹೋಗ್ಲಿ, ಸರ್.'

'ಇಪ್ಪತ್ತಾರೇ ಇರ್ಲಿ ಹಾಗಾದ್ರೆ,' ಎಂದರು, ನನ್ನ ಕಡೆ ನೋಡದೆ.

ಹೊರಗೆ, ಮೆಟ್ಟಿಲ ಬಳಿ ಮೈದುನ ನಿಂತಿದ್ದ. ಚಿಕ್ಕ ಪುಸ್ತಕವೊಂದು ಕೈಯಲ್ಲಿತ್ತು. ಕಣ್ಣು ಪುಸ್ತಕದ ಮೇಲೆಯೇ ಇತ್ತು.

'ಎಷ್ಟು ಹೊತ್ತು ಕಾಯ್ಬೇಕು, ಮೇಡಂ?'

'ನಾಲ್ಕು ನಿಮಿಷ. ಅದುರೋದು ಪೂರ್ತಿ ನಿಲ್ಬೇಕು. ಆಮೇಲೇ ಕವಚ ಬಿಚ್ಚು.'

ಅವನು ಬರೆದುಕೊಂಡ. ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡ.

'ಅಮ್ಮನಿಗೆ ನಾನು ಹೇಳಲ್ಲ. ನೀವೇ ಹೇಳಿ.'

'ಇವತ್ತೇ ಹೇಳ್ತೀನಿ.'

'ಆಯ್ತು, ಮೇಡಂ,' ಎಂದು ಮೆಟ್ಟಿಲಿಳಿದು ಹೋದ.